ಹಸಿ ಬೇವಿನ ಕೊರಡನ್ನು ಲೇತಿನ ಕೆಲಸಕ್ಕೆ ಬೇಗ ಒಣಗಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಿಜಯಪುರದ ನಿಮ್ಮ ಮನೆ ಮುಂದಿನ ಬೇವಿನ ಮರದ ದಪ್ಪ ಕೊಂಬೆ ಗಾಳಿಗೆ ಮುರಿದು ಬಿತ್ತು. ತುಂಡು ಮಾಡಿ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಿರಿ. ವಾರದೊಳಗೆ ಎರಡೂ ತುದಿ ಬಿರಿದವು. ಮರವನ್ನು ತಿರುಗಿಸುತ್ತಾ ಉಳಿಯಿಂದ ಕೆತ್ತುವ ಯಂತ್ರವಾದ ಲೇತಿನ ಮೇಲೆ ಬೋಗುಣಿ ಮತ್ತು ಲಟ್ಟಣಿಗೆ ಕಡೆಯುವ ಆಸೆಯಿದೆ, ವರ್ಷಗಟ್ಟಲೆ ಕಾಯುವ ತಾಳ್ಮೆಯಿಲ್ಲ.

ಮೊದಲ ಕೆಲಸ, ಉಳಿದ ತುಂಡುಗಳನ್ನು ಇವತ್ತೇ ಮಾಳಿಗೆಯಿಂದ ಕೆಳಗಿಳಿಸಿ ನೆರಳಿಗೆ ತನ್ನಿ. ಬೆಳಗಾವಿಯಲ್ಲಿರುವ ನನಗೆ ಮಳೆಗಾಲ ಮುಗಿಯುವವರೆಗೂ ಮರ ಒಣಗುವುದಿಲ್ಲ, ಬೂಸು ಹಿಡಿಯುತ್ತದೆ ಎಂಬ ಚಿಂತೆ. ನಿಮ್ಮ ಊರಿನ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ಮರದ ಹೊರಮೈ ಬೇಕಾದದ್ದಕ್ಕಿಂತ ಬೇಗ ಒಣಗುತ್ತದೆ, ಒಳಗು ಹಸಿಯಾಗಿಯೇ ಉಳಿಯುತ್ತದೆ.

ಹಸಿ ಮರದಲ್ಲಿ ನೀರು ಎರಡು ಬಗೆಯಲ್ಲಿರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ತುಂಬಿಕೊಂಡದ್ದು ಒಂದು, ಕೋಶದ ಗೋಡೆಯೊಳಗೆ ಸೇರಿಕೊಂಡದ್ದು ಇನ್ನೊಂದು. ಪೊಳ್ಳಿನ ನೀರು ಮೊದಲು ಹೋಗುತ್ತದೆ, ಅದು ಹೋದರೆ ಮರ ಕುಗ್ಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿ ತೇವ ಸುಮಾರು 25–30 ಶೇಕಡಾಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡಲು ಶುರುವಾಗುತ್ತದೆ. ಕುಗ್ಗುವುದು ಆಗಿನಿಂದ. ಅದೂ ಎಲ್ಲ ಕಡೆ ಒಂದೇ ಸಮನಾಗಿ ಅಲ್ಲ. ವಾರ್ಷಿಕ ಉಂಗುರಗಳ ಉದ್ದಕ್ಕೆ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಸಾಮಾನ್ಯವಾಗಿ ಎರಡು ಪಟ್ಟು. ಆದ್ದರಿಂದಲೇ ದುಂಡನೆಯ ಇಡೀ ಕೊರಡು ನಟ್ಟನಡುವಿನ ತಿರುಳಿನವರೆಗೆ ಸೀಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ನಿಮ್ಮ ಎರೆ ಹೊಲ ಬಾಯಿ ಬಿಡುವುದೂ ನೀರು ಹೋಗಿ ಮಣ್ಣು ಕುಗ್ಗುವುದರಿಂದಲೇ. ಇನ್ನು ಕೊಯ್ದ ತುದಿಯಿಂದ ನೀರು ಹೋಗುವ ವೇಗ ಪಕ್ಕದ ಮೈಯಿಂದ ಹೋಗುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ನಿಮ್ಮ ತುಂಡುಗಳು ತುದಿಯಲ್ಲೇ ಮೊದಲು ಬಿರಿದದ್ದು ಇದರಿಂದ.

ಹಾಗಾದರೆ ಬೇಗ ಆಗುವುದು ಹೇಗೆ? ಕಾವು ಹೆಚ್ಚಿಸುವ ಯೋಚನೆ ಬಿಟ್ಟು ದಪ್ಪ ಕಡಿಮೆ ಮಾಡಿ. ನೀರು ಒಳಗಿನಿಂದ ಹೊರಮೈಗೆ ಬರಲು ಹಿಡಿಯುವ ಕಾಲ ದಪ್ಪದ ವರ್ಗದಂತೆ ಏರುತ್ತದೆ. ದಪ್ಪ ಅರ್ಧವಾದರೆ ಕಾಲ ಹೆಚ್ಚುಕಡಿಮೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇಷ್ಟು ಲಾಭ ಯಾವ ಬಿಸಿಲೂ ಕೊಡುವುದಿಲ್ಲ. ಆದ್ದರಿಂದ ಬೋಗುಣಿಯನ್ನು ಹಸಿಯಲ್ಲೇ ಒರಟಾಗಿ ಕಡೆದುಬಿಡಿ.

ಕೊರಡನ್ನು ಗರಗಸದಿಂದ ತಿರುಳಿನ ಮೇಲೆಯೇ ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳಿನ ಭಾಗವನ್ನು ಪೂರ್ತಿ ತೆಗೆದುಹಾಕಿ. ತಿರುಳು ಉಳಿದರೆ ಬಿರುಕು ಅಲ್ಲಿಂದಲೇ ಹೊರಡುತ್ತದೆ. ಈಗಾಗಲೇ ಬಿರಿದ ತುದಿಗಳನ್ನು, ಬಿರುಕು ಕಾಣದ ಜಾಗ ಸಿಗುವವರೆಗೆ, ಕೊಯ್ದು ಎಸೆಯಿರಿ. ಆಮೇಲೆ ಗೋಡೆಯ ದಪ್ಪ ವ್ಯಾಸದ ಹತ್ತನೇ ಒಂದು ಭಾಗ ಇರುವಂತೆ ಕಡೆಯಿರಿ: 10 ಇಂಚಿನ ಬೋಗುಣಿಗೆ 1 ಇಂಚು. ತಳವೂ ಅಷ್ಟೇ ದಪ್ಪ ಇರಲಿ, ತಳ ದಪ್ಪವಾಗಿ ಅಂಚು ತೆಳುವಾದರೆ ಒಂದು ಒಣಗಿ ಎಳೆಯುತ್ತದೆ, ಇನ್ನೊಂದು ಬಗ್ಗುವುದಿಲ್ಲ. ಹಸಿ ಮರ ಕಡೆಯುವುದು ನಿಜವಾಗಿಯೂ ಸುಖದ ಕೆಲಸ. ಉಳಿ ಹರಿತವಾಗಿದ್ದರೆ ಹೊಟ್ಟು ಪುಡಿಯಾಗದೆ ಉದ್ದುದ್ದ ಸುರುಳಿಯಾಗಿ ಹಾರುತ್ತದೆ, ಮುಖಕ್ಕೆ ನೀರಿನ ಹನಿ ಸಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ಉಳಿಯನ್ನೂ ಲೇತಿನ ಹಾಸನ್ನೂ ಒರೆಸಿ ಎಣ್ಣೆ ಹಚ್ಚಿ, ಇಲ್ಲದಿದ್ದರೆ ಬೆಳಗಾಗುವುದರೊಳಗೆ ತುಕ್ಕು ಹಿಡಿದಿರುತ್ತದೆ.

ಹೀಗೆ ಕಡೆದ ಬೋಗುಣಿಯಲ್ಲಿ ಎಳೆಗಳು ಕಡಿದು ತೆರೆದುಕೊಂಡಿರುವ ಎರಡು ಎದುರುಬದುರು ಭಾಗಗಳಿಗೆ ಕರಗಿಸಿದ ಮೇಣ ಹಚ್ಚಿ. ಹಳೆಯ ಎಣ್ಣೆ ಪೇಂಟ್ ದಪ್ಪಗೆ ಬಳಿದರೂ ನಡೆದೀತು. ನಂತರ ಅದೇ ಮರದ ಹಸಿ ಹೊಟ್ಟಿನೊಡನೆ ಕಾಗದದ ಚೀಲದಲ್ಲಿಟ್ಟು ಬಾಯಿ ಮಡಚಿ, ನೆಲಮಟ್ಟದ ತಂಪು ಕೋಣೆಯಲ್ಲಿಡಿ. ವಿಜಯಪುರದ ಏಪ್ರಿಲ್ ಒಣಗಾಳಿಗೆ ಎರಡು ಚೀಲ ಒಂದರೊಳಗೊಂದು ಹಾಕುವುದು ಒಳ್ಳೆಯದು. ಪ್ಲಾಸ್ಟಿಕ್ ಬೇಡ, ಬೂಸು ಬಂದು ತೊಗಟೆಯ ಬಳಿಯ ಬಿಳಿ ಮರ ಕಪ್ಪಾಗುತ್ತದೆ.

ಒಣಗಿತೋ ಇಲ್ಲವೋ ಎಂದು ಬಡಿದು ಸದ್ದು ಕೇಳುವವರಿದ್ದಾರೆ. ನಾನು ಅಡುಗೆಮನೆಯ ತಕ್ಕಡಿಯನ್ನು ಹೆಚ್ಚು ನಂಬುತ್ತೇನೆ. ಚೀಲಕ್ಕೆ ಹಾಕುವ ಮೊದಲೇ ತೂಗಿ ತೂಕವನ್ನೂ ತಾರೀಖನ್ನೂ ಪೆನ್ಸಿಲಿನಿಂದ ತಳದ ಮೇಲೆ ಬರೆಯಿರಿ. ವಾರಕ್ಕೊಮ್ಮೆ ತೂಗಿ ಕೆಳಗೆ ಬರೆಯುತ್ತಾ ಹೋಗಿ. ಮೊದಲು ಸರಸರನೆ ಇಳಿದು, ಆಮೇಲೆ ನಿಧಾನವಾಗಿ, ಕೊನೆಗೆ ನಿಂತುಬಿಡುತ್ತದೆ. ಎರಡು ಮೂರು ವಾರ ಅದೇ ತೂಕ ಇದ್ದರೆ ಮರ ನಿಮ್ಮ ಊರಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಇಂಚಿಗೆ ಒಂದು ವರ್ಷ ಎಂಬ ಹಳೆಯ ಲೆಕ್ಕ ಹಲಗೆಗಳಿಗೆ, ತಂಪು ದೇಶಗಳಲ್ಲಿ ಹುಟ್ಟಿದ್ದು. ಒರಟಾಗಿ ಕಡೆದ ಬೋಗುಣಿಗೆ ನಿಮ್ಮಲ್ಲಿ ಕೆಲವು ತಿಂಗಳು ಸಾಕು. ಅಷ್ಟರಲ್ಲಿ ಅದು ಸೊಟ್ಟಗಾಗಿರುತ್ತದೆ. ಗಾಬರಿ ಬೇಡ, ಹೆಚ್ಚಿಗೆ ಬಿಟ್ಟ ದಪ್ಪ ಇರುವುದೇ ಮತ್ತೆ ಕಡೆದು ದುಂಡಗೆ ಮಾಡುವುದಕ್ಕೆ.

ಇದಕ್ಕಿಂತಲೂ ಬೇಗ ಬೇಕೆಂದರೆ, ಒರಟು ಬೋಗುಣಿಯನ್ನು ನೀರಿನಲ್ಲಿ ಪೂರ್ತಿ ಮುಳುಗಿಸಿ, ದಪ್ಪದ ಪ್ರತಿ ಇಂಚಿಗೆ ಒಂದು ಗಂಟೆಯಂತೆ ಕುದಿಸಿ, ಅದೇ ನೀರಿನಲ್ಲಿ ಆರಲು ಬಿಟ್ಟು ಆಮೇಲೆ ಚೀಲಕ್ಕೆ ಹಾಕುವ ಪದ್ಧತಿ ಇದೆ. ಕಾವಿಗೆ ಮರದೊಳಗಿನ ಬಿಗುವು ಸಡಿಲುತ್ತದೆ, ಬಿರಿಯುವುದು ಕಡಿಮೆಯಾಗುತ್ತದೆ. ಬೇವಿನ ಕಹಿ ಇಳಿದ ಪಾತ್ರೆಯನ್ನು ಅಡುಗೆಗೆ ಮರಳಿ ಕೊಟ್ಟರೆ ಮನೆಯಲ್ಲಿ ಏನು ಕೇಳಬೇಕಾಗುತ್ತದೋ ನಿಮಗೇ ಗೊತ್ತು, ಬೇರೆ ಡಬರಿ ಇಟ್ಟುಕೊಳ್ಳಿ. ಮೈಕ್ರೋವೇವ್‌ನಲ್ಲಿ ಅತಿ ಕಡಿಮೆ ಕಾವಿಗೆ ಒಂದೆರಡು ನಿಮಿಷ ಇಟ್ಟು, ತೆಗೆದು, ಪೂರ್ತಿ ಆರಿಸಿ, ತೂಗಿ ಮತ್ತೆ ಇಡುವವರೂ ಇದ್ದಾರೆ. ಚಿಕ್ಕ ತೆಳು ಬಟ್ಟಲಿಗೆ ಅದು ಫಲ ಕೊಡುತ್ತದೆ. ದಪ್ಪ ತುಂಡಾದರೆ ಹೊರಗೆ ಏನೂ ಕಾಣದೆ ಒಳಗೇ ಸುಟ್ಟು ಕರಿಯಾಗಬಹುದು, ಬೆಂಕಿಯೂ ಹತ್ತಬಹುದು. ಸ್ಪಿರಿಟ್‌ನಲ್ಲಿ ನೆನೆಸುವುದರಿಂದ ಲಾಭವಾಗುತ್ತದೆಯೇ ಎಂಬುದರಲ್ಲಿ ಕಡೆಯುವವರೇ ಒಮ್ಮತಕ್ಕೆ ಬಂದಿಲ್ಲ, ಮನೆಯಲ್ಲಿ ಬಕೆಟ್ಟುಗಟ್ಟಲೆ ಸ್ಪಿರಿಟ್ ಇಡುವುದು ನನಗಂತೂ ಒಪ್ಪಿಗೆಯಿಲ್ಲ. ಉಪ್ಪಿನಲ್ಲಿ ಹೂಳಿದರೆ ಮರ ಸದಾ ತೇವ ಎಳೆಯುತ್ತದೆ, ಉಳಿ ಹಾಳಾಗುತ್ತದೆ.

ಲಟ್ಟಣಿಗೆಗೆ ಮಾತ್ರ ಹಸಿಯಲ್ಲೇ ತೆಳುವಾಗಿ ಕಡೆದಿಡುವ ಉಪಾಯ ಒಗ್ಗುವುದಿಲ್ಲ, ಅದು ಒಳಗೆ ಟೊಳ್ಳಿಲ್ಲದ ಗಟ್ಟಿ ಕೋಲು. ತಿರುಳು ಬಿಟ್ಟು ಎರಡು ಇಂಚಿನ ಚೌಕ ತುಂಡುಗಳನ್ನು ಸೀಳಿ, ತುದಿಗೆ ಮೇಣ ಹಚ್ಚಿ, ಗಾಳಿಯಾಡುವಂತೆ ನಡುವೆ ಮರದ ಪಟ್ಟಿ ಕೊಟ್ಟು ನೆರಳಿನಲ್ಲಿ ಅಡುಕಿ ಮರೆತುಬಿಡಿ. ಈಗಲೇ ಕಡೆಯುವ ಕೈ ತುರಿಕೆಯಿದ್ದರೆ, ಹಳೆಯ ವಾಡೆ ಕೆಡವುವ ಕಡೆ ವಿಚಾರಿಸಿ ಸಾಗವಾನಿ ಚೌಕಟ್ಟಿನ ಒಂದು ತುಂಡು ತನ್ನಿ, ಅದು ನಿಮ್ಮ ಅಜ್ಜನ ಕಾಲಕ್ಕೇ ಒಣಗಿದೆ. ಲೇತಿಗೆ ಏರಿಸುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕುವುದನ್ನು ಬಿಡಬೇಡಿ.