ಮ್ಯಾಚ್ ಮುಗಿಯಲಿ, ಆಮೇಲೆ ಊಟಕ್ಕೆ ಕರೆಯಿರಿ

ಪ್ರಶ್ನೆ: ನಮಸ್ಕಾರ ಮೇಡಂ. ಮಗ ಒಂಬತ್ತನೇ ಕ್ಲಾಸು. ಸ್ಕೂಲಿಂದ ಬಂದವನೇ ಫೋನಲ್ಲಿ ಬಿಜಿಎಂಐ ಅನ್ನುವ ಶೂಟಿಂಗ್ ಗೇಮ್ ಆಡಲು ಕೂರುತ್ತಾನೆ. ಊಟಕ್ಕೆ ಕರೆದರೆ ‘ಇನ್ನೈದು ನಿಮಿಷ’ ಅಂತಾನೆ, ಫೋನ್ ಕಿತ್ತುಕೊಂಡರೆ ಮಾತೇ ಬಿಡುತ್ತಾನೆ. ಇದರಿಂದ ಹುಡುಗನ ತಲೆ ಕೆಡುತ್ತೆ ಅಂತಾರೆ ನಮ್ಮತ್ತೆ. ಗೇಮ್ ಆಡಿದರೆ ಬುದ್ಧಿ ಚುರುಕಾಗುತ್ತೆ, ಸುಮ್ನಿರು ಅಂತಾರೆ ನಮ್ಮೆಜಮಾನರು. ಯಾರ ಮಾತು ನಂಬಲಿ?
– ಒಬ್ಬ ತಾಯಿ, ಬಸವೇಶ್ವರನಗರ

ಉತ್ತರ: ನಿಮ್ಮೆಜಮಾನರ ಮಾತಿಗೆ ಆಧಾರ ಇದೆ. 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಾನ್ ಗ್ರೀನ್ ಮತ್ತು ಡಾಫ್ನಿ ಬವೇಲಿಯರ್ ಅವರ ಅಧ್ಯಯನ ಬಂತು. ಆ್ಯಕ್ಷನ್ ಗೇಮ್ ಆಡುವವರು ಕಣ್ಣ ಮುಂದೆ ಸರಸರ ಬಂದುಹೋಗುವುದನ್ನು ಬೇರೆಯವರಿಗಿಂತ ಚೆನ್ನಾಗಿ ಗುರುತಿಸುತ್ತಾರೆ, ಆಡದವರಿಗೆ ಕೆಲವು ದಿನ ಆಡಿಸಿದರೆ ಅವರೂ ಸುಧಾರಿಸುತ್ತಾರೆ ಅಂತ ಅದರಲ್ಲಿ ಕಂಡಿತು. ಆದರೆ ಅದು ನೋಟದ ಚುರುಕು ಅಷ್ಟೇ, ಅದರಿಂದ ಗಣಿತದ ಮಾರ್ಕ್ಸ್ ಏರುತ್ತೆ ಅಂತ ಕಾಯಬೇಡಿ.

ನಿಮ್ಮತ್ತೆಯವರ ಭಯವನ್ನೂ ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆ ‘ಗೇಮಿಂಗ್ ಡಿಸಾರ್ಡರ್’ ಅನ್ನು ತನ್ನ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯ ಆಗಿರಬೇಕು, ಕೆಡುಕಾಗುತ್ತಿದೆ ಅಂತ ಗೊತ್ತಿದ್ದೂ ಆಟ ಬಿಡಲಾಗದೆ ಇರಬೇಕು, ಇದೆಲ್ಲ ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು. ಫೋನ್ ಕಿತ್ತುಕೊಂಡಾಗ ಮುನಿಸಿಕೊಳ್ಳುವ ಹುಡುಗ ಅಷ್ಟಕ್ಕೇ ಈ ಪಟ್ಟಿಗೆ ಸೇರುವುದಿಲ್ಲ.

ನಾನು ಎಷ್ಟು ಗಂಟೆ ಆಡಿದ ಅಂತ ಮೊದಲು ಕೇಳುವುದಿಲ್ಲ. ಆ ಗಂಟೆಗಳು ಎಲ್ಲಿಂದ ಬಂದವು ಅಂತ ಕೇಳುತ್ತೇನೆ. ಸುಮ್ನೆ ರೀಲ್ಸ್ ನೋಡುತ್ತಿದ್ದ ಹೊತ್ತಿನಿಂದ ಬಂದಿದ್ದರೆ ನಷ್ಟವೇನೂ ಇಲ್ಲ. ನಿದ್ದೆಯಿಂದ ಬಂದಿದ್ದರೆ ಇವತ್ತೇ ನಿಲ್ಲಿಸಬೇಕು, ಯಾಕಂದರೆ ರಾತ್ರಿ ಒಂದು ಗಂಟೆಗೆ ಮಲಗಿ ಬೆಳಿಗ್ಗೆ ಸ್ಕೂಲ್ ವ್ಯಾನ್ ಹತ್ತುವ ಹುಡುಗ ಕ್ಲಾಸಲ್ಲಿ ಕೂತಿದ್ದೂ ಒಂದೇ, ಮನೆಯಲ್ಲಿ ಮಲಗಿದ್ದೂ ಒಂದೇ. ರಾತ್ರಿ ಫೋನ್ ಹಾಲ್‌ನಲ್ಲೇ ಚಾರ್ಜ್ ಆಗಲಿ. ಅವನದು ಮಾತ್ರ ಅಲ್ಲ, ನಿಮ್ಮದೂ, ಎಜಮಾನರದ್ದೂ.

ಹೊರಗೆ ಆಡುವ ಹೊತ್ತಿನಿಂದ ಬಂದಿದ್ದರೆ ಮಾತ್ರ ಅವನೊಬ್ಬನನ್ನೇ ಬೈಯಲು ನನಗೆ ಮನಸ್ಸು ಬರುವುದಿಲ್ಲ. ನಮ್ಮ ಬೆಂಗಳೂರಲ್ಲಿ ಹದಿನಾಲ್ಕರ ಹುಡುಗ ಎಲ್ಲಿ ಆಡಬೇಕು, ಹೇಳಿ? ಎಷ್ಟೋ ಪಾರ್ಕ್‌ಗಳಲ್ಲಿ ಬಾಲ್ ಆಡಬಾರದು ಅಂತ ಬೋರ್ಡು, ರಸ್ತೆ ತುಂಬ ಗಾಡಿ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಆಡಿದರೆ ಕಾರಿಗೆ ತಾಗುತ್ತೆ ಅಂತ ಗಲಾಟೆ. ಇನ್ನು ಟರ್ಫ್‌ಗೆ (ಕೃತಕ ಹುಲ್ಲಿನ ಮೈದಾನಕ್ಕೆ) ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕು. ಹಾಗಾಗಿ ಅವನ ಸ್ನೇಹಿತರೆಲ್ಲ ಸಂಜೆ ಸೇರುವ ಜಾಗ ಆ ಗೇಮ್ ಆಗಿದೆ. ಫೋನ್ ಕಿತ್ತುಕೊಂಡರೆ ಅವನಿಗೆ ಗೆಳೆಯರ ಗುಂಪೇ ತಪ್ಪಿಹೋಗುತ್ತೆ, ಅದಕ್ಕೇ ಅಷ್ಟು ಸಿಟ್ಟು. ಭಾನುವಾರ ಬೆಳಿಗ್ಗೆ ಗೇಮ್‌ನಲ್ಲಿ ಅವನ ಸ್ಕ್ವಾಡ್‌ನಲ್ಲಿ, ಅಂದರೆ ತಂಡದಲ್ಲಿ, ಇರುವ ಅದೇ ಹುಡುಗರನ್ನು ಯಾವುದಾದರೂ ಮೈದಾನಕ್ಕೆ ಕರೆದೊಯ್ಯುವ ಕೆಲಸ ನಿಮ್ಮೆಜಮಾನರಿಗೆ ಒಪ್ಪಿಸಿ.

ಊಟದ ವಿಷಯ. ಈ ಆಟವನ್ನು ಮಧ್ಯದಲ್ಲಿ ತಡೆದು ನಿಲ್ಲಿಸಿಡಲು ಆಗುವುದಿಲ್ಲ. ಒಂದು ಕ್ಲಾಸಿಕ್ ಮ್ಯಾಚ್ ಕೊನೆಯವರೆಗೆ ಹೋದರೆ ಅರ್ಧ ಗಂಟೆ ಹಿಡಿಯುತ್ತೆ, ಮಧ್ಯೆ ಎದ್ದರೆ ಜೊತೆಯಲ್ಲಿದ್ದವರು ಸೋಲುತ್ತಾರೆ, ಅವರ ಹತ್ತಿರ ಇವನು ಬೈಸಿಕೊಳ್ಳುತ್ತಾನೆ. ‘ಈಗಲೇ ಬಾ’ ಅನ್ನುವ ಬದಲು ‘ಒಂಬತ್ತಕ್ಕೆ ಊಟ, ಎಂಟೂವರೆ ಆದಮೇಲೆ ಹೊಸ ಮ್ಯಾಚ್ ಶುರು ಮಾಡಬೇಡ’ ಅಂತ ಮೊದಲೇ ಹೇಳಿ. ಅಷ್ಟಾದಮೇಲೂ ಅವನು ಮಾತು ಮೀರಿದರೆ ಆಗ ನೀವು ಗಟ್ಟಿಯಾಗಿ ನಿಲ್ಲಬಹುದು.

ಇನ್ನೊಂದು, ಗೇಮ್ ಅಕೌಂಟ್‌ನಲ್ಲಿ ವಯಸ್ಸು ಎಷ್ಟು ಅಂತ ಹಾಕಿದ್ದಾನೆ ನೋಡಿ. ಬಿಜಿಎಂಐ 2021ರಲ್ಲಿ ಬಂದಾಗಲೇ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಇಟ್ಟಿತ್ತು. ವಯಸ್ಸು ಜಾಸ್ತಿ ಹಾಕಿಕೊಂಡರೆ ಆ ಮಿತಿಗೆ ಅರ್ಥವೇ ಇಲ್ಲ, ಅಲ್ವಾ? ನಿಮ್ಮ ಯುಪಿಐ ಪಿನ್ ಅವನಿಗೆ ಗೊತ್ತಿದ್ದರೆ ಬದಲಾಯಿಸಿ. ಗೇಮ್‌ನೊಳಗಿನ ಬಟ್ಟೆ, ಗನ್ ಸ್ಕಿನ್‌ಗೆ (ಗನ್ನಿನ ಅಲಂಕಾರಕ್ಕೆ) ಬೇಕಾದ ಯುಸಿ, ಅಂದರೆ ಗೇಮ್‌ನ ನಾಣ್ಯ, ಕೊಳ್ಳುವುದು ನಿಜವಾದ ದುಡ್ಡಿನಲ್ಲೇ.

ಹೇಳಿ ನೋಡಿದರೂ ಸ್ಕೂಲ್ ತಪ್ಪಿಸುವುದು, ಊಟ ಬಿಡುವುದು, ಕೈ ಮಾಡುವುದು ಶುರುವಾದರೆ ತಡಮಾಡಬೇಡಿ. ನಿಮ್ಹಾನ್ಸ್‌ನಲ್ಲಿ ಇದಕ್ಕೇ ‘ಶಟ್’ ಕ್ಲಿನಿಕ್ ಅಂತ 2014ರಿಂದ ಇದೆ. ಮೊದಲು ಫೋನಲ್ಲೇ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಾರತಹಳ್ಳಿ ಪಿಜಿಯಲ್ಲಿದ್ದೇನೆ. ಆಫೀಸ್ ಮುಗಿಸಿ ಲ್ಯಾಪ್‌ಟಾಪ್‌ನಲ್ಲಿ ಸ್ವಲ್ಪ ಹೊತ್ತು ಫುಟ್‌ಬಾಲ್ ಗೇಮ್ ಆಡುತ್ತೇನೆ. ರೂಮ್‌ಮೇಟ್ ದುಡ್ಡು ಕಟ್ಟಿ ರಮ್ಮಿ ಆಡುತ್ತಾನೆ, ‘ನಿಂದೂ ಗೇಮ್, ನಂದೂ ಗೇಮ್’ ಅಂತಾನೆ. ಹೌದಾ?

ಉತ್ತರ: ಖಂಡಿತ ಅಲ್ಲ. ನೀವು ಸೋತರೆ ಇನ್ನೊಂದು ಮ್ಯಾಚ್ ಆಡುತ್ತೀರಿ, ಅವರು ಸೋತರೆ ಹೋದದ್ದನ್ನು ವಾಪಸ್ ತರಲು ಸಾಲ ಮಾಡಿ ಆಡುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸ್ ಮಾಡಿದ ಮೇಲೆ ದೊಡ್ಡ ಆ್ಯಪ್‌ಗಳೇ ಅಂಥ ಆಟ ನಿಲ್ಲಿಸಿದವು. ಈಗಲೂ ಎಲ್ಲೋ ಆಡುತ್ತಿದ್ದಾರೆ ಅಂದರೆ ಆ ದುಡ್ಡಿಗೆ ಕೇಳುವವರೇ ಇಲ್ಲದ ಜಾಗದಲ್ಲಿರಬಹುದು. ಎಷ್ಟು ಸಾಲ ಆಗಿದೆ ಅಂತ ಸ್ನೇಹದಿಂದ ಕೇಳಿ, ಆದರೆ ನೀವು ಕೈಸಾಲ ಕೊಡಬೇಡಿ.

ಪ್ರಶ್ನೆ: ಅಪ್ಪನಿಗೆ ಎಪ್ಪತ್ತು. ಮರೆವು ಬರದಂತೆ ಮೊಬೈಲ್‌ನಲ್ಲಿ ಬ್ರೇನ್ ಗೇಮ್ ಹಾಕಿಕೊಡಲಾ?

ಉತ್ತರ: ಇಷ್ಟಪಟ್ಟರೆ ಆಡಲಿ, ದುಡ್ಡು ಕಟ್ಟಿ ಬೇಡ. ಮರೆವು ತಡೆಯುತ್ತೇವೆ ಅಂತ ಜಾಹೀರಾತು ಕೊಟ್ಟ ಲುಮೋಸಿಟಿ ಆ್ಯಪ್‌ನ ಕಂಪನಿ, ಅದಕ್ಕೆ ಸಾಕಷ್ಟು ಆಧಾರ ಇಲ್ಲ ಅನ್ನುವ ಆರೋಪದ ಮೇಲೆ 2016ರಲ್ಲಿ ಅಮೆರಿಕದಲ್ಲಿ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಅಪ್ಪನ ಬಿಪಿ, ಶುಗರ್, ಕಿವಿ ಕೇಳಿಸುವುದು, ಇವನ್ನು ಒಮ್ಮೆ ಡಾಕ್ಟರ ಹತ್ತಿರ ತೋರಿಸಿ. ಮರೆವಿನ ವಿಷಯದಲ್ಲಿ ಆ್ಯಪ್‌ಗಿಂತ ಅವು ಮುಖ್ಯ.