ಸೇತುವೆ ದಾಟಿದರೆ ಆ ಪರ್ಮಿಟ್ ನಡೆಯುವುದಿಲ್ಲ

ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾದ ಗನ್ ಪರ್ಮಿಟ್ ಇದೆ, ಪಕ್ಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ಅಕ್ಕನ ಮನೆಗೆ ಗನ್ ಇಟ್ಟುಕೊಂಡು ಹೋಗಬಹುದಾ, ಡ್ರೈವಿಂಗ್ ಲೈಸೆನ್ಸ್ ಥರ ಇದೂ ಎಲ್ಲ ರಾಜ್ಯಗಳಲ್ಲಿ ನಡೆಯಬೇಕಲ್ವಾ ಅಂತ ಕೇಳಿದ್ದೀರಿ. ದಯವಿಟ್ಟು ತೆಗೆದುಕೊಂಡು ಹೋಗಬೇಡಿ. ನ್ಯೂಜೆರ್ಸಿ ಬೇರೆ ಯಾವ ರಾಜ್ಯದ ಪರ್ಮಿಟ್ಟನ್ನೂ ಒಪ್ಪುವುದಿಲ್ಲ. ಎರಡೂ ರಾಜ್ಯಗಳ ನಡುವಿನ ಡೆಲವೇರ್ ನದಿಯ ಸೇತುವೆ ದಾಟಿದ ಕೂಡಲೇ ನಿಮ್ಮ ಪರ್ಮಿಟ್ ಬರೀ ಕಾಗದ.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿಗೆ ಹೀಗೇ ಆಯಿತು. ನ್ಯೂಜೆರ್ಸಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ಗನ್ ಇದೆ ಅಂತ ತಾವೇ ಹೇಳಿದರು, ಪರ್ಮಿಟ್ ತೋರಿಸಿದರು. ಆದರೂ ಬಂಧನ, ಜೈಲು. 2015ರಲ್ಲಿ ಆಗಿನ ನ್ಯೂಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಆದರೂ ಸುಮ್ನೆ ಎಲ್ಲ ಕಡೆ ನಡೆಯಲಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಡ್ರೈವಿಂಗ್ ಲೈಸೆನ್ಸಿಗಾದರೆ ಕಾರು ಓಡಿಸಿ ತೋರಿಸಬೇಕು. ಗನ್ ಇಟ್ಟುಕೊಂಡು ಓಡಾಡುವ ಪರ್ಮಿಟ್ಟಿಗೆ ನ್ಯೂಯಾರ್ಕಿನಲ್ಲಿ 18 ಗಂಟೆ ತರಬೇತಿ ಬೇಕು, ಪೆನ್ಸಿಲ್ವೇನಿಯಾದಲ್ಲಿ ತರಬೇತಿ ಕಡ್ಡಾಯವೇ ಅಲ್ಲ. ಮೊದಲು ಎಲ್ಲರಿಗೂ ಒಂದೇ ಮಟ್ಟದ ತರಬೇತಿ ಬರಲಿ, ಆಮೇಲೆ ಒಪ್ಪಲಿ. ಒಂದು ರಾಜ್ಯದ ಪರ್ಮಿಟ್ಟನ್ನು ಬೇರೆ ರಾಜ್ಯಗಳೂ ಒಪ್ಪಬೇಕು ಅನ್ನುವ ಮಸೂದೆಯೊಂದನ್ನು 2017ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ಪಾಸು ಮಾಡಿತ್ತು, ಮೇಲ್ಮನೆ ಸೆನೆಟ್‌ನಲ್ಲಿ ಅದು ಮುಂದೆ ಹೋಗಲಿಲ್ಲ.

ನೀವು ಹೊರಡುವ ಮುಂಚೆ ಕಾರಿನ ಗ್ಲೋವ್ ಬಾಕ್ಸ್, ಬ್ಯಾಗು ಎರಡನ್ನೂ ಒಮ್ಮೆ ತೆಗೆದು ನೋಡಿ. ಮರೆತು ಉಳಿದ ಗನ್ನಿಗೂ ಅದೇ ಕೇಸು.