ಒಳ್ಳೆಯ ಹೋಟೆಲ್‌ಗಳು ಅತಿಥಿಗಳ ನಾಯಿಯನ್ನು ಒಳಗೆ ಬಿಡಬೇಕೇ?

ನೀವು ಕೇಳಿದ್ದು ಇಷ್ಟು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಾರಿನಲ್ಲಿ ಹೊರಟಿದ್ದಿರಿ, ಜೊತೆಗೆ ಮುಧೋಳ ನಾಯಿ ಇತ್ತು. ರಾತ್ರಿ ದಾವಣಗೆರೆಯಲ್ಲಿ ಉಳಿಯೋಣ ಅಂದರೆ, ಒಳ್ಳೆಯ ಹೋಟೆಲ್‌ಗಳಲ್ಲೆಲ್ಲ ನಾಯಿ ಅಂದ ಕೂಡಲೇ ರೂಮ್ ಇಲ್ಲ ಅಂದರು. ಅಷ್ಟು ಬಾಡಿಗೆ ತೆಗೆದುಕೊಳ್ಳುವವರು ನಾಯಿಯನ್ನೂ ಬಿಟ್ಟುಕೊಳ್ಳಬೇಕಲ್ಲವೇ ಎಂಬುದು ನಿಮ್ಮ ಪ್ರಶ್ನೆ.

ಬಿಟ್ಟುಕೊಳ್ಳಬೇಕು ಅನ್ನುವುದೇ ನನ್ನ ಉತ್ತರ. ಆದರೆ ಬಾಡಿಗೆ ಜಾಸ್ತಿ ಅನ್ನುವುದು ಅದಕ್ಕೆ ಕಾರಣವಾಗಬಾರದು. ನಾನು ದಾವಣಗೆರೆಯಲ್ಲೇ ಹೋಟೆಲ್ ಹೌಸ್‌ಕೀಪಿಂಗ್‌ನಲ್ಲಿರುವವಳು. ರೂಮ್ ಮಾಡುವ ಹುಡುಗಿಯರಿಗೆ ಡ್ಯೂಟಿ ಹಾಕುವುದು, ಚೆಕ್‌ಔಟ್ ಆದ ರೂಮ್ ನೋಡಿ ಮುಂದಿನವರಿಗೆ ಓಕೆ ಮಾಡುವುದು ನನ್ನ ಕೆಲಸ. ಮನೆಯಲ್ಲೂ ಒಂದು ನಾಯಿ ಇದೆ, ಬೀದಿಯಿಂದ ಬಂದದ್ದು. ಈ ವಿಷಯ ಬಂದಾಗ ನಾಯಿ ಸಾಕಿದವರು ಮಾತಾಡುತ್ತಾರೆ, ಪಕ್ಕದ ರೂಮಿನವರು ಮಾತಾಡುತ್ತಾರೆ, ಮಾಲೀಕರೂ ಮಾತಾಡುತ್ತಾರೆ. ಮಾಸ್ಟರ್ ಕೀ ಹಾಕಿ ಆ ರೂಮಿನ ಬಾಗಿಲು ತೆಗೆಯುವವಳನ್ನು ಯಾರೂ ಕೇಳುವುದಿಲ್ಲ. ನಾನು ಅವಳ ಕಡೆಯಿಂದ ಹೇಳುತ್ತೇನೆ.

ಮೊದಲನೆಯದಾಗಿ, ‘ನಾಯಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿನಿಂದ ನಾಯಿ ಬರುವುದು ನಿಲ್ಲುವುದಿಲ್ಲ. ಬಂದದ್ದು ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ಒಂದು ಮದುವೆ ಸೀಸನ್ನಿನಲ್ಲಿ ಒಂದು ಕುಟುಂಬ ಬೇಸ್‌ಮೆಂಟ್ ಪಾರ್ಕಿಂಗ್‌ನಿಂದ ಸರ್ವಿಸ್ ಲಿಫ್ಟಿನಲ್ಲಿ ಲ್ಯಾಬ್ರಡಾರ್ ನಾಯಿಯೊಂದನ್ನು ಮೇಲಕ್ಕೆ ತಂದಿತ್ತು. ಅದನ್ನು ರೂಮಿನಲ್ಲಿ ಕೂಡಿ ಹಾಕಿ ಎಲ್ಲರೂ ಮುಹೂರ್ತಕ್ಕೆ ಹೋದರು. ನಮ್ಮ ಹುಡುಗಿ ಎರಡು ಸಲ ಬೆಲ್ ಮಾಡಿ, ಉತ್ತರ ಬರದಿದ್ದಾಗ ಎಂದಿನಂತೆ ಬಾಗಿಲು ತೆಗೆದಳು. ಟ್ರಾಲಿ ಇನ್ನೂ ಹೊರಗೇ ಇತ್ತು. ಮಂಚದ ಆಚೆಯಿಂದ ಎದ್ದು ಬಂದ ನಾಯಿ ಅವಳ ಮೇಲೆ ಹಾರಿತು. ಕಚ್ಚಲಿಲ್ಲ. ಆದರೆ ಮೊಣಕೈಯಿಂದ ಮುಂಗೈವರೆಗೆ ಉಗುರಿನ ಗೀರು ಎದ್ದು ರಕ್ತ ಜಿನುಗಿತು. ನಾಯಿಯದು ತಪ್ಪು ಅಂತ ನಾನು ಹೇಳುವುದಿಲ್ಲ. ಗುರುತಿಲ್ಲದ ಜಾಗ, ಮನೆಯವರಿಲ್ಲ, ಯಾರೋ ಬಾಗಿಲು ತೆಗೆದು ಒಳಗೆ ಬಂದರು. ಇಂಥ ಹೊತ್ತಿನಲ್ಲಿ ಯಾವ ನಾಯಿಯೂ ಸುಮ್ಮನೆ ಮಲಗಿರುವುದಿಲ್ಲ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಸಿ ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಬಂದಿದ್ದರಿಂದ ಗಾಯದ ಸುತ್ತ ರೇಬೀಸ್ ತಡೆಯುವ ಸೀರಮ್ ಕೊಟ್ಟರು. ಮೊದಲ ದಿನದ ಲಸಿಕೆ ಆಯಿತು, ಮುಂದಿನವು 3, 7 ಮತ್ತು 28ನೇ ದಿನ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಯುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ವೈದ್ಯರು ಇದರಲ್ಲಿ ರಿಸ್ಕ್ ತೆಗೆದುಕೊಳ್ಳುವುದಿಲ್ಲ. ‘ನಾಯಿಯನ್ನು ಹತ್ತು ದಿನ ಗಮನಿಸಿ, ಆರೋಗ್ಯವಾಗಿದ್ದರೆ ಹೆದರಬೇಕಿಲ್ಲ’ ಅಂತಲೂ ಹೇಳಿದರು. ಊರಿನ ನಾಯಿಯಾದರೆ ಗಮನಿಸಬಹುದು, ಇದು ಮರುದಿನ ಬೆಳಿಗ್ಗೆಯೇ ಊರು ಬಿಟ್ಟಿತ್ತು. ಲಸಿಕೆ ಕಾರ್ಡ್ ಕೇಳಿದರೆ ‘ಎಲ್ಲಾ ಹಾಕಿಸಿದೀವಿ, ಮನೇಲಿದೆ’ ಅಂದರು, ಆಮೇಲೆ ಫೋನ್ ಎತ್ತಲಿಲ್ಲ. ಆ ಹುಡುಗಿ ಒಂದು ತಿಂಗಳು ಹೆದರಿಕೆಯಲ್ಲೇ ಕೆಲಸಕ್ಕೆ ಬಂದಳು. ಅಂದಿನಿಂದ ನನ್ನ ಅಭಿಪ್ರಾಯ ಗಟ್ಟಿಯಾಯಿತು. ನಾಯಿ ಮುಂಬಾಗಿಲಿನಿಂದಲೇ ಬರಲಿ, ರಿಸೆಪ್ಷನ್ನಿನಲ್ಲಿ ಅದರ ಲಸಿಕೆ ಕಾರ್ಡಿನ ಪ್ರತಿ ಮತ್ತು ಯಜಮಾನರ ನಿಜವಾದ ನಂಬರ್ ಇರಲಿ, ಯಾವ ರೂಮಿನಲ್ಲಿದೆ ಎಂಬುದು ಆ ಮಹಡಿಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ತಿಳಿದಿರಲಿ.

ರೂಮಿನ ಮಾತಿಗೆ ಬರುತ್ತೇನೆ, ನನಗೆ ಹೆಚ್ಚು ಗೊತ್ತಿರುವುದು ಅದೇ. ನಾಯಿಯ ಕೂದಲು ಕಸದಂತೆ ಗುಡಿಸಿದರೆ ಬರುವುದಿಲ್ಲ. ವೆಲ್ವೆಟ್ ಸೋಫಾದ ನೇಯ್ಗೆಯೊಳಗೆ ಅದು ಸೂಜಿಯಂತೆ ನಾಟಿಕೊಂಡಿರುತ್ತದೆ. ವ್ಯಾಕ್ಯೂಮ್ ಎಳೆದರೂ ಅರ್ಧ ಅಲ್ಲೇ ಉಳಿಯುತ್ತದೆ. ರಬ್ಬರ್ ಗ್ಲೌಸ್ ಹಾಕಿ, ಸ್ವಲ್ಪ ಒದ್ದೆ ಮಾಡಿ, ಒಂದೇ ದಿಕ್ಕಿಗೆ ಸವರುತ್ತಾ ಬಂದರೆ ಬೆರಳುಗಳ ಮುಂದೆ ಉಂಡೆ ಕಟ್ಟುತ್ತದೆ. ಬೆಡ್‌ಶೀಟನ್ನು ಹಾಗೇ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಕೂದಲು ಆ ಲೋಡಿನ ಉಳಿದ ಟವೆಲ್‌ಗಳಿಗೆಲ್ಲ ಹತ್ತುತ್ತದೆ. ಮೊದಲು ಡ್ರೈಯರಿನಲ್ಲಿ ತಿರುಗಿಸಿ ಕೂದಲು ಉದುರಿಸಿ, ಆಮೇಲೆ ಬೇರೆ ಲೋಡಿನಲ್ಲಿ ಒಗೆಯಬೇಕು. ಮೂತ್ರದ ಕಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪರದೆ ಎಳೆದು ಯುವಿ ಟಾರ್ಚ್ ಹಿಡಿದರೆ ಮಂಚದ ಕಾಲಿನ ಬಳಿ, ಪರದೆಯ ಅಂಚಿನಲ್ಲಿ ಹೊಳೆಯುತ್ತದೆ. ಅದಕ್ಕೆ ಎಂಜೈಮ್ ಇರುವ ಕ್ಲೀನರ್ ಬೇಕು. ಅಮೋನಿಯಾ ಇರುವ ಕ್ಲೀನರ್ ಹಾಕಿದರೆ ಆ ವಾಸನೆ ಮೂತ್ರದ ವಾಸನೆಗೆ ಹತ್ತಿರ, ಮುಂದೆ ಬರುವ ನಾಯಿ ಅದೇ ಜಾಗದಲ್ಲಿ ಕಾಲೆತ್ತುತ್ತದೆ. ನಾವು ಎಲ್ಲ ಕಡೆ ಸುರಿಯುವ ಫಿನಾಯಿಲ್ ನಾಯಿಗೂ ಒಳ್ಳೆಯದಲ್ಲ, ನೆಲದ ಮೇಲೆ ನಡೆದ ಪಾದವನ್ನು ಅದು ನೆಕ್ಕುತ್ತದೆ.

ಎಲ್ಲಕ್ಕಿಂತ ಹೆಚ್ಚು ನಾನು ಹೆದರುವುದು ಉಣ್ಣೆ ಹುಳಕ್ಕೆ. ನಾಯಿಯ ಮೈಮೇಲಿನ ಕಂದು ಉಣ್ಣೆ ರಕ್ತ ಕುಡಿದು ಕೆಳಗಿಳಿದ ಮೇಲೆ ಗೋಡೆಯ ಬುಡದ ಪಟ್ಟಿಯ (ಸ್ಕರ್ಟಿಂಗ್) ಸಂದಿಯಲ್ಲೋ ಗೋಡೆ ಹತ್ತಿ ಪರದೆಯ ರಾಡಿನ ಹಿಂದೆಯೋ ಸಾವಿರಾರು ಮೊಟ್ಟೆ ಇಡುತ್ತದೆ, ಕಟ್ಟಡದ ಒಳಗೇ ಸಂಸಾರ ಹೂಡುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ರೂಮಿಗೆ ಸೇರಿತೆಂದರೆ ಅದನ್ನು ವಾರಗಟ್ಟಲೆ ಮುಚ್ಚಿ ಔಷಧಿ ಹೊಡೆಸಬೇಕಾಗುತ್ತದೆ. ಲಸಿಕೆ ಕಾರ್ಡಿನ ಜೊತೆಗೆ ಉಣ್ಣೆಗೆ ಔಷಧಿ ಹಾಕಿಸಿದ ದಿನಾಂಕವನ್ನೂ ಕೇಳಬೇಕು ಅನ್ನುವುದು ಇದಕ್ಕೇ. ಹಾಗೆ ಕೇಳುವ ಹೋಟೆಲ್ ನಾಯಿಯನ್ನು ಅವಮಾನಿಸುತ್ತಿಲ್ಲ, ನಾಳೆ ಬರುವ ನಾಯಿಯನ್ನೂ ಕಾಪಾಡುತ್ತಿದೆ.

ಇಷ್ಟೆಲ್ಲ ಇರುವುದರಿಂದ ಎಲ್ಲಾ ರೂಮುಗಳಲ್ಲಿ ನಾಯಿ ಬಿಡುವುದು ಸರಿಯಲ್ಲ. ಕೆಳಮಹಡಿಯಲ್ಲಿ, ಹೊರಬಾಗಿಲಿಗೆ ಹತ್ತಿರ, ಕಾರ್ಪೆಟ್ ಇಲ್ಲದೆ ಟೈಲ್ಸ್ ಇರುವ ಮೂರು ನಾಲ್ಕು ರೂಮ್ ಶಾಶ್ವತವಾಗಿ ಅದಕ್ಕೆಂದೇ ಇಡಬೇಕು. ಇಂದು ನಾಯಿ, ನಾಳೆ ಆಸ್ತಮಾ ಇರುವ ಮಗು ಅನ್ನುವಂತಾಗಬಾರದು. ಅಲರ್ಜಿ ತರುವುದು ನಾಯಿಯ ಜೊಲ್ಲಿನಲ್ಲಿ, ಚರ್ಮದ ಹೊಟ್ಟಿನಲ್ಲಿ ಇರುವ ಪ್ರೋಟೀನ್. ಅದು ಕಾರ್ಪೆಟ್ಟು, ಹಾಸಿಗೆಗಳಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ‘ನಮ್ಮದು ಕೂದಲು ಉದುರದ ತಳಿ’ ಅನ್ನುವವರಿಗೂ ಇದೇ ಮಾತು, ಆ ಪ್ರೋಟೀನ್ ಅವುಗಳಲ್ಲೂ ಇದೆ.

ಪಕ್ಕದ ರೂಮಿನವರ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮ ಊರಿನಲ್ಲಿ ದೊಡ್ಡ ಹೋಟೆಲ್ ನಡೆಯುವುದು ಹೆಚ್ಚಾಗಿ ಮದುವೆಗಳಿಂದ. ಮಡಿಯಲ್ಲಿ ಪೂಜೆ ಮಾಡುವ ಅಜ್ಜಿಯರು ಬರುತ್ತಾರೆ. ನಾಯಿಯ ಜೊಲ್ಲು ತಾಗಿದರೆ ಬಟ್ಟೆ ತೊಳೆಯದೆ ನಮಾಜ್ ಮಾಡದವರು ಬರುತ್ತಾರೆ. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು ಈಗಲೂ ನಾಯಿ ಕಂಡರೆ ನಡುಗುವವರು ಬರುತ್ತಾರೆ. ಲಿಫ್ಟಿನಲ್ಲಿ ನಾಯಿ ಎದುರಾಗಬಾರದು ಅನ್ನುವುದು ಅವರ ಹಕ್ಕು. ಆದರೆ ‘ನಾಯಿ ನಮ್ಮ ಸಂಸ್ಕೃತಿಗೆ ಒಗ್ಗುವುದಿಲ್ಲ’ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ಮೈಲಾರಲಿಂಗ ದೇವರ ಜೊತೆ ನಾಯಿ ಇದೆ. ನಮ್ಮ ಕಡೆ ಆ ದೇವರ ಭಕ್ತರಾದ ಗೊರವಯ್ಯಗಳು ದೋಣಿ ಸೇವೆಯಲ್ಲಿ ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿದ್ದದ್ದನ್ನು ತಿನ್ನುತ್ತಾರೆ, ಅದನ್ನು ಜನ ಕೈಮುಗಿದು ನೋಡುತ್ತಾರೆ.

ರೈಲ್ವೆಯವರು ಇದನ್ನು ಸರಿಯಾಗಿ ಬಗೆಹರಿಸಿದ್ದಾರೆ ಅನ್ನಿಸುತ್ತದೆ. ಫಸ್ಟ್ ಎಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ ನಿಮ್ಮ ಹೆಸರಿಗೇ ಬುಕ್ ಆಗಿದ್ದರೆ ನಾಯಿ ನಿಮ್ಮ ಜೊತೆ ಬರಬಹುದು. ಸೆಕೆಂಡ್ ಎಸಿ, ಥರ್ಡ್ ಎಸಿಯಲ್ಲಿ ಬಿಡುವುದಿಲ್ಲ. ನಿಮ್ಮ ನಾಲ್ಕು ಗೋಡೆಯೊಳಗೆ ನಿಮ್ಮ ನಾಯಿ, ಎಲ್ಲರೂ ಕೂರುವಲ್ಲಿ ಬೇಡ. ಹೋಟೆಲಿನಲ್ಲೂ ರೂಮಿಗೆ ಸರಿ, ಊಟದ ಹಾಲಿಗೆ, ಈಜುಕೊಳಕ್ಕೆ, ಮದುವೆ ಹಾಲಿಗೆ ಬೇಡ. ಅಡುಗೆಮನೆಯ ಹತ್ತಿರಕ್ಕಂತೂ ಸುಳಿಯಲೇಬಾರದು.

ಕೆಲವು ಕಡೆ ನಾಯಿ ಬಿಡುತ್ತಾರೆ, ಆದರೆ ಹತ್ತು ಹದಿನೈದು ಕೆ.ಜಿ. ಒಳಗಿನದು ಮಾತ್ರ. ಈ ನಿಯಮ ಮಾಡಿದವರು ನಾಯಿಗಳನ್ನು ನೋಡಿ ಮಾಡಿಲ್ಲ. ನಿಮ್ಮ ಮುಧೋಳ ಇಪ್ಪತ್ತು ಕೆ.ಜಿ. ದಾಟಿರುತ್ತದೆ, ಅಲ್ಲಿಗೆ ಹೊರಗೆ. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿದ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯಲ್ಲಿ ಬಂತು, ಸೇನೆಯವರು ಇದನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ಇಷ್ಟಾದರೂ ಕರ್ನಾಟಕದ ಹೋಟೆಲಿನಲ್ಲಿ ಅದಕ್ಕೆ ಜಾಗವಿಲ್ಲ, ತೊಡೆಯ ಮೇಲೆ ಕೂರುವ ವಿದೇಶಿ ತಳಿಗೆ ಇದೆ! ನಾನು ಕಂಡಂತೆ ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳಕ್ಕೆಲ್ಲ ಬೊಗಳುವುದು ಹೆಚ್ಚಾಗಿ ಸಣ್ಣ ನಾಯಿಗಳು. ಮುಧೋಳದ ಕೂದಲೂ ಗಿಡ್ಡ, ಸ್ವಚ್ಛ ಮಾಡಲು ಸುಲಭ. ತೂಕ ನೋಡುವ ಬದಲು ನಡತೆ ನೋಡಿ. ಬೆಲ್ಟ್ ಹಿಡಿದು ರಿಸೆಪ್ಷನ್ನಿನಲ್ಲಿ ಐದು ನಿಮಿಷ ನಿಂತರೆ ಯಾವ ನಾಯಿ ಹೇಗೆ ಅಂತ ತಿಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಷರತ್ತು: ನಾಯಿಯನ್ನು ರೂಮಿನಲ್ಲಿ ಒಂಟಿಯಾಗಿ ಬಿಟ್ಟು ಹೋಗಬಾರದು. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಚಿತ್ರದುರ್ಗಕ್ಕೆ ಬಂದವರು ಕೋಟೆ ನೋಡದೆ ಹೋಗುತ್ತಾರೆಯೇ? ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಪ್ರಾಣಿಗಳನ್ನು ಒಳಗೆ ಒಯ್ಯುವಂತಿಲ್ಲ. ಒನಕೆ ಓಬವ್ವನ ಕಿಂಡಿ ನೋಡಿ ಏಕನಾಥೇಶ್ವರಿ ಗುಡಿಯವರೆಗೆ ಹತ್ತಿ ಇಳಿಯುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅಷ್ಟು ಹೊತ್ತು ನಾಯಿ ಎಲ್ಲಿರಬೇಕು? ರೂಮಿನಲ್ಲಿ ಬಿಟ್ಟರೆ ಬಾಗಿಲು ಕೆರೆಯುತ್ತದೆ, ಊಳಿಡುತ್ತದೆ, ನಮ್ಮ ಹುಡುಗಿ ಬಾಗಿಲು ತೆಗೆದರೆ ಮೇಲೆ ಹೇಳಿದ ಕತೆಯೇ ಆಗುತ್ತದೆ. ಹೋಟೆಲಿನಲ್ಲಿ ಜಾಗ ಸಿಗದವರು ಕಾರಿನಲ್ಲೇ ಬಿಡುತ್ತಾರೆ, ಅದು ಇನ್ನೂ ಅಪಾಯ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು 38 ಡಿಗ್ರಿ ಇದ್ದರೆ, ಕಿಟಕಿ ಏರಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಒಳಗಿನ ಗಾಳಿಯೇ ಕಾದಿದ್ದರೆ ಅದೂ ಆಗುವುದಿಲ್ಲ, ನಾಯಿ ಸಾಯುತ್ತದೆ. ನಾಯಿ ಬಿಡುತ್ತೇವೆ ಅನ್ನುವ ಹೋಟೆಲ್ ನೆರಳಿರುವ, ಫ್ಯಾನ್ ಇರುವ ಒಂದು ಜಾಗವನ್ನೂ, ನೋಡಿಕೊಳ್ಳಲು ನಾಯಿಯ ಅಭ್ಯಾಸವಿರುವ ಒಬ್ಬರನ್ನೂ ಇಡಬೇಕು. ಅದು ಆಗದಿದ್ದರೆ ನಾಯಿ ಬಿಡುತ್ತೇವೆ ಎಂಬ ಜಾಹೀರಾತು ಬೇಡ.

ಇನ್ನು ದುಡ್ಡು. ನಾಯಿಗೆಂದು ಹೆಚ್ಚುವರಿ ಶುಲ್ಕ ತೆಗೆದುಕೊಳ್ಳುವುದು ನ್ಯಾಯವೇ. ಆದರೆ ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ಪ್ರಶ್ನೆ. ಒಬ್ಬ ಹುಡುಗಿ ದಿನಕ್ಕೆ ಹನ್ನೆರಡು ಹದಿನಾಲ್ಕು ರೂಮ್ ಮಾಡುತ್ತಾಳೆ. ನಾಯಿ ಇದ್ದ ರೂಮಿಗೆ ಎರಡರಷ್ಟು ಸಮಯ ಬೇಕು. ಶುಲ್ಕ ಮಾಲೀಕರಿಗೆ, ಹೆಚ್ಚಿನ ಕೆಲಸ ಅದೇ ಸಂಬಳಕ್ಕೆ ಅವಳಿಗೆ ಅನ್ನುವ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ. ಆ ದಿನ ಅವಳಿಗೆ ಎರಡು ರೂಮ್ ಕಡಿಮೆ ಹಾಕಬೇಕು, ಶುಲ್ಕದ ಒಂದು ಪಾಲು ಅವಳಿಗೆ ಸೇರಬೇಕು. ನಾಯಿಗೆ ಹೆದರುವವಳಿಗೆ ಆ ರೂಮ್ ಹಾಕಲೇಬಾರದು. ನಮ್ಮ ಹುಡುಗಿಯರಲ್ಲಿ ಕೇಳಿಕೊಂಡು ನಾಯಿ ರೂಮ್ ಮಾಡುವವರೂ ಇದ್ದಾರೆ, ಅಂಥವರನ್ನು ಗುರುತಿಸಿದರೆ ಸಾಕು.

ಒಂದು ಕಡೆ ಮಾತ್ರ ಯಾವ ಷರತ್ತೂ ಬೇಡ. ಕಣ್ಣು ಕಾಣದವರ ಜೊತೆ ಬರುವ ಗೈಡ್ ನಾಯಿ. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿನ 1990ರ ಕಾನೂನಿನಂತೆ ಸಾಕುನಾಯಿ ಬಿಡದ ಹೋಟೆಲ್ ಕೂಡ ಅವನ್ನು ಬಿಡಲೇಬೇಕು, ಶುಲ್ಕ ಕೇಳುವಂತಿಲ್ಲ. ನಮ್ಮಲ್ಲಿ ಗೈಡ್ ನಾಯಿಗಳು ತೀರಾ ವಿರಳ. ಹಾಗಿದ್ದರೂ ಅಂಥವರೊಬ್ಬರು ಬಂದ ದಿನ ರಿಸೆಪ್ಷನ್ನಿನ ಹುಡುಗ ತಬ್ಬಿಬ್ಬಾಗಬಾರದು, ಅವನಿಗೆ ಈಗಲೇ ಹೇಳಿಕೊಟ್ಟಿರಬೇಕು.

ಮುಂದಿನ ಸಲ ಈ ದಾರಿಯಲ್ಲಿ ಬರುವಾಗ ಆನ್‌ಲೈನ್ ಬುಕಿಂಗ್ ನಂಬಬೇಡಿ, ನೇರ ಹೋಟೆಲಿಗೆ ಫೋನ್ ಮಾಡಿ. ರಿಸೆಪ್ಷನ್ ಬೇಡ ಅಂದರೆ ಹೌಸ್‌ಕೀಪಿಂಗ್‌ನವರಿಗೆ ಕೊಡಿ ಅನ್ನಿ, ಎಷ್ಟೋ ಸಲ ರೂಮ್ ಇದೆಯೋ ಇಲ್ಲವೋ ನಮಗೇ ಸರಿಯಾಗಿ ಗೊತ್ತಿರುತ್ತದೆ. ನಾಯಿಯ ತಳಿ, ವಯಸ್ಸು, ಒಂಟಿಯಾಗಿ ಬಿಡುವುದಿಲ್ಲ ಅನ್ನುವುದನ್ನು ಮೊದಲೇ ಹೇಳಿ. ಲಸಿಕೆ ಕಾರ್ಡಿನ ಫೋಟೋ ವಾಟ್ಸಾಪ್ ಮಾಡಿ. ಅದು ಮಲಗುವ ಹಳೆಯ ಬೆಡ್‌ಶೀಟ್ ಮನೆಯಿಂದಲೇ ತನ್ನಿ, ಮನೆಯ ವಾಸನೆ ಇದ್ದರೆ ಬೇಗ ನಿದ್ದೆ ಮಾಡುತ್ತದೆ, ನಮ್ಮ ಹಾಸಿಗೆಯೂ ಉಳಿಯುತ್ತದೆ. ಬೆಳಿಗ್ಗೆ ಹೊರಗೆ ಸುತ್ತಾಡಿಸಲು ಹೋಗುವಾಗ ರೂಮ್ ಖಾಲಿ ಇದೆ ಅಂತ ರಿಸೆಪ್ಷನ್ನಿಗೆ ತಿಳಿಸಿದರೆ, ನೀವು ಬರುವಷ್ಟರಲ್ಲಿ ನಮ್ಮವರು ಕೆಲಸ ಮುಗಿಸಿರುತ್ತಾರೆ.